ಇಪ್ಪತ್ತೆರಡು ಬೀಗದ ಕೈ

"ಹೊಟ್ಟೇಲೇನು ಕೆರೆ ಕಟ್ಟಿಸಿದೀಯೇನೇ? ಹತ್ತಕ್ಕೆ ಹೋಗಿ ಬಂದೋಳು ಹನ್ನೊಂದಕ್ಕೆ ಮತ್ತೆ ಬಂದು ನಿಂತಿದೀಯಲ್ಲ, ಹಾದರಗಿತ್ತಿ."

ಯಜಮಾನ ಇದನ್ನು ಕೂಗಿದ್ದು ನನ್ನ ಮೇಲೆ. ಆಫೀಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಇಪ್ಪತ್ತೊಂದು ಹೆಂಗಸರ ಎದುರಿಗೆ ಕೂಗಿದ. ನಾನು ನಿಂತಿದ್ದು ಕಕ್ಕಸಿನ ಬಾಗಿಲ ಮುಂದೆ. ಬಾಗಿಲಿಗೆ ಅಂಗೈ ಅಗಲದ ಬೀಗ. ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ಮೇಸ್ತ್ರಿ ನನ್ನ ಪಕ್ಕದಲ್ಲೇ ನೆಲ ನೋಡುತ್ತಾ ನಿಂತಿದ್ದ. ಆ ಮೇಸ್ತ್ರಿಯನ್ನೇ ನಾನು ಮದುವೆಯಾಗಬೇಕೆಂದಿದ್ದೆ.

"ಕೆರೆ ಕಟ್ಟಿಸಿದ್ರೆ ನಿಮ್ಮ ಲಾಂಡ್ರಿಗೇ ನೀರು ಬಿಡ್ತಿದ್ದೆ ಯಜಮಾನ್ರೇ," ಎಂದೆ.

ಹಿಂದೆ ಯಾರೋ ಕಿಸಕ್ಕೆಂದರು. "ಯಾವಳೇ ಅದು ಹಲ್ಲು ಕಿರಿದೋಳು?" ಎಂದು ಯಜಮಾನ ಕಿಟಕಿ ದಡಾರನೆ ಹಾಕಿಕೊಂಡ. ಮೇಸ್ತ್ರಿ ತುಟಿ ಅಲ್ಲಾಡಿಸದೆ ನನ್ನ ಕಿವಿಯಲ್ಲಿ, "ಅವರು ಫೋನ್ ಹಿಡಿದ ತಕ್ಷಣ ತೆಗೀತೀನಿ. ನಿಂಗೆ ಮಾತ್ರ," ಎಂದ.

ಆ 'ನಿಂಗೆ ಮಾತ್ರ' ಎಂಬುದರಲ್ಲೇ ನಮ್ಮಿಬ್ಬರ ಜಗಳವೆಲ್ಲ ಇದ್ದದ್ದು.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಹೋಟೆಲುಗಳ ಬೆಡ್‌ಶೀಟು, ಟವೆಲು, ದಿಂಬಿನ ಚೀಲ, ಸ್ನಾನ ಮಾಡಿ ಹೊದ್ದುಕೊಳ್ಳುವ ಆ ದೊಗಳೆ ನಿಲುವಂಗಿ, ಎಲ್ಲ ಕೊಳೆಯಾಗಿ ಬಂದು ಬೆಳ್ಳಗಾಗಿ ಹೋಗುತ್ತವೆ. ಯಾರು ಯಾರೋ ಮಲಗೆದ್ದ ಹಾಸಿಗೆಯ ಗುಟ್ಟೆಲ್ಲ ನಮಗೆ ಗೊತ್ತು, ನಮ್ಮ ಮುಖ ಅವರಿಗೆ ಗೊತ್ತಿಲ್ಲ. ಒಳಗೆ ಸದಾ ಬಿಸಿ ಆವಿ. ನೀರು ಕುಡಿಯದಿದ್ದರೆ ತಲೆ ಸುತ್ತಿ ಬೀಳುತ್ತೇವೆ, ಕುಡಿದರೆ ಆ ಬಾಗಿಲ ಮುಂದೆ ಬಂದು ನಿಲ್ಲಬೇಕು. ಬಾಗಿಲು ತೆರೆಯುವುದು ದಿನಕ್ಕೆ ಮೂರು ಸಲ: ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ. ಬಿಟ್ಟರೆ ಹೆಂಗಸರು ಒಳಗೆ ಹೋಗಿ ಹರಟೆ ಹೊಡೆಯುತ್ತಾರೆಂದು ಯಜಮಾನನ ನಂಬಿಕೆ. ಆ ಗೂಡಿನಲ್ಲಿ ಒಬ್ಬಳು ನೆಟ್ಟಗೆ ಕೂರುವುದೇ ಕಷ್ಟ, ಹರಟೆಗೆ ಇನ್ನೊಬ್ಬಳನ್ನು ಎಲ್ಲಿ ಕೂರಿಸುವುದು? ಬಾಯ್ಲರ್ ಹತ್ತಿರ ನಾಲ್ಕು ಜನ ಗಂಡಸರಿದ್ದಾರೆ. ಅವರಿಗೆ ಹಿತ್ತಲ ಗೋಡೆ ಇದೆ. ಗೋಡೆಗೆ ಯಾರೂ ಬೀಗ ಹಾಕಿಲ್ಲ.

ಮೇಸ್ತ್ರಿಯಾಗುವ ಮೊದಲು ಅವನು ನನ್ನ ಜೊತೆ ಬೆಡ್‌ಶೀಟ್ ಮಡಿಸುತ್ತಿದ್ದ. ಅದು ಒಬ್ಬರಿಂದಾಗುವ ಕೆಲಸವಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು, ಜಾಡಿಸಿ, ಎಳೆದು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಹಿಂದೆ ಸರಿದು ಮತ್ತೆ ಬರಬೇಕು. ದೊಡ್ಡ ಶೀಟಿಗೆ ಉದ್ದ ಕೈಯವನು ಬೇಕೆಂದು ಅವನನ್ನು ನನ್ನೆದುರು ನಿಲ್ಲಿಸಿದರು. ದಿನಕ್ಕೆ ಆರುನೂರು ಶೀಟು, ಒಂದೊಂದಕ್ಕೆ ಮೂರು ಸಲ. ಒಬ್ಬ ಗಂಡಸು ದಿನಕ್ಕೆ ಸಾವಿರದ ಎಂಟುನೂರು ಸಲ ಹತ್ತಿರ ಬಂದು ಬೆರಳು ಮುಟ್ಟಿ ಹೋದರೆ ನೀವಾದರೂ ಏನು ಮಾಡುತ್ತೀರಿ? ಮೊದಲನೆಯ ತಿಂಗಳು ಬೈದೆ. ಎರಡನೆಯ ತಿಂಗಳು ನಕ್ಕೆ. ಮೂರನೆಯ ತಿಂಗಳು ಅವನು ಜ್ವರ ಬಂದು ಎರಡು ದಿನ ರಜೆ ಹಾಕಿದಾಗ ನನಗೆ ಊಟ ಸೇರಲಿಲ್ಲ.

ಹೆಂಗಸರೆಲ್ಲ ಅವನನ್ನು ಬೆಣ್ಣೆ ಎನ್ನುತ್ತಿದ್ದರು. ಒರಟು ಮಾತು ಅವನ ಬಾಯಲ್ಲಿ ಬಂದದ್ದಿಲ್ಲ. ಇಸ್ತ್ರಿ ತಗುಲಿ ನನ್ನ ಕೈ ಸುಟ್ಟಾಗ ಮುಲಾಮು ತಂದು ಊದಿ ಊದಿ ಹಚ್ಚಿದವನು ಅವನು. ಅದೇ ಕೈಯಿಂದ ಯಜಮಾನನ ಕಾರಿನ ಬಾಗಿಲು ತೆಗೆಯಲು ಓಡುತ್ತಿದ್ದವನೂ ಅವನೇ.

"ಬೈದ್ರೆ ಬೈಸ್ಕೊಂಡ್ರಾಯ್ತು ಮೆಣಸಿನಕಾಯಿ. ಮೈಗೇನು ಅಂಟ್ಕೊಳ್ಳುತ್ತಾ?" ಎನ್ನುತ್ತಿದ್ದ. ಮೆಣಸಿನಕಾಯಿ ಎಂದರೆ ನಾನು.

"ನಂಗೆ ಅಂಟ್ಕೊಳ್ಳುತ್ತೆ."

"ನಿನ್ನ ಚರ್ಮ ತೆಳು."

"ನಿಂಗೆ ಚರ್ಮಾನೇ ಇಲ್ಲ."

ಅದಕ್ಕೂ ನಗುತ್ತಿದ್ದ. ಆ ನಗು ನೋಡಿದರೆ ನನ್ನ ಸಿಟ್ಟು ಅರ್ಧಕ್ಕೆ ಇಳಿಯುತ್ತಿತ್ತು, ಅದೇ ನನ್ನ ಗ್ರಹಚಾರ.

ಅಷ್ಟರಲ್ಲಿ ಹಳೆಯ ಮೇಸ್ತ್ರಿ ಬಿಟ್ಟುಹೋಗಿ ಅವನನ್ನು ಮೇಸ್ತ್ರಿ ಮಾಡಿದರು. ಕಾರ್ಖಾನೆಯ ಹಿಂದೆ ಮೇಸ್ತ್ರಿಗೆಂದೇ ಎರಡು ಕೋಣೆಯ ಮನೆ ಇದೆ. ಹೋಟೆಲುಗಳು ತುಂಬುವ ಈ ನಾಲ್ಕು ತಿಂಗಳು ಕೆಲಸ ಎಲ್ಲೂ ನಿಲ್ಲದ ಹಾಗೆ ನೋಡಿಕೊಂಡರೆ ಮನೆ ನಿನಗೆ ಎಂದು ಯಜಮಾನ ಮಾತು ಕೊಟ್ಟಿದ್ದ. ಮನೆ ಸಿಕ್ಕಿದ ದಿನ ಮದುವೆ ಎಂದು ಇವನು ನಮ್ಮವ್ವನಿಗೆ ಮಾತು ಕೊಟ್ಟಿದ್ದ. ನಾವು ಅವ್ವ, ಮಗಳು, ಇಬ್ಬರು ತಂಗಿಯರು ಒಂದೇ ಕೋಣೆಯಲ್ಲಿ ತಲೆಗೆ ಕಾಲು, ಕಾಲಿಗೆ ತಲೆ ಕೊಟ್ಟು ಮಲಗುವವರು.

"ಮನೆ ಒಳಗೇ ನಲ್ಲಿ ಇದೆಯಂತಲ್ಲೇ. ನಿಂಗಿನ್ನೇನು ಬೇಕೇ ಪಿಶಾಚಿ? ನಾಲ್ಕು ತಿಂಗಳು ನಾಲಿಗೆ ಕಚ್ಕೊಂಡಿರು, ಸಾಕು," ಎಂದಳು ಅವ್ವ.

ಕಚ್ಚಿಕೊಂಡೇ ಇದ್ದೆ, ಹೆಚ್ಚುಕಡಿಮೆ. ಬೇರೆ ಹುಡುಗಿಯರಿಗೆ ಅವರವರ ಹುಡುಗರು ಹೂವು ತಂದುಕೊಟ್ಟರೆ ನನ್ನವನು ಕಕ್ಕಸಿನ ಬೀಗ ತೆಗೆದುಕೊಡುತ್ತಿದ್ದ. ಹೆಂಗಸರು ಗೇಲಿ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ, ದೊಡ್ಡಮ್ಮನಿಗೆ ಹಾಗಾಗುವ ತನಕ.

ದೊಡ್ಡಮ್ಮ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಹೋಟೆಲಿನ ನಿಲುವಂಗಿಗಳು ಡ್ರಮ್ಮಿಗೆ ಬೀಳುವ ಮೊದಲು ಜೇಬು ತಡಕಿ ನೋಡುವುದು ಅವಳ ಕೆಲಸ. ಉಂಗುರ, ಔಷಧಿ ಪೊಟ್ಟಣ, ಒಂದು ಸಲ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು, ಏನಿದ್ದರೂ ಅವಳ ಕೈಗೆ ಸಿಗದೆ ಮುಂದೆ ಹೋಗುತ್ತಿರಲಿಲ್ಲ. ವಯಸ್ಸಾದ ಮೈ, ಅವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಅವತ್ತು ದೊಡ್ಡ ಹೋಟೆಲಿನವರು ಮೂವರು ಕಾರ್ಖಾನೆ ನೋಡಲು ಬಂದಿದ್ದರು. ಅವರು ಇರುವಷ್ಟು ಹೊತ್ತು ಯಾರೂ ಜಾಗ ಬಿಟ್ಟು ಅಲ್ಲಾಡಕೂಡದೆಂದು ಅಪ್ಪಣೆಯಾಗಿತ್ತು. ದೊಡ್ಡಮ್ಮ ಎರಡು ಸಲ ಮೇಸ್ತ್ರಿಯ ಹತ್ತಿರ ಹೋದಳು.

"ಅಪ್ಪಾ, ಬೀಗ ತೆಗಿಯಪ್ಪಾ."

"ಹತ್ತೇ ನಿಮಿಷ ದೊಡ್ಡಮ್ಮ, ಅವರು ಹೋಗ್ಬಿಡ್ಲಿ."

ಹತ್ತು ನಿಮಿಷ ಇಪ್ಪತ್ತಾಯಿತು. ಅವರು ನಮ್ಮ ಸಾಲಿಗೆ ಬರುವಾಗ ದೊಡ್ಡಮ್ಮ ಎರಡು ಕಾಲು ಒತ್ತಿಕೊಂಡು, ಮೇಜು ಹಿಡಿದು, ಕಣ್ಣು ಮುಚ್ಚಿದ್ದಳು. ಅವಳ ಕಾಲ ಬುಡದಿಂದ ನೀರು ಹರಿದು ಒಬ್ಬನ ಹೊಳೆಯುವ ಬೂಟಿನ ತನಕ ಹೋಯಿತು. ಅವನು ಹೌಹಾರಿ ಹಿಂದೆ ಹಾರಿದ.

ಯಜಮಾನ ನಕ್ಕ. "ನೋಡಿದ್ರಾ ಸಾರ್, ನಮ್ಮ ಮುದುಕಿ ಬಟ್ಟೆ ಸಾಲದು ಅಂತ ನೆಲಾನೂ ಒಗೀತಾಳೆ," ಎಂದ. ಬಂದವರೂ ನಕ್ಕರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ಮೆಲ್ಲಗೆ, "ಒರೆಸೇ, ನಾಯಿ ಮುಂಡೆ. ನಿನ್ನ ಏಪ್ರನ್‌ನಲ್ಲೇ ಒರೆಸು," ಎಂದ. ಅವಳು ಏಪ್ರನ್ ಬಿಚ್ಚಿ, ಮೊಣಕಾಲೂರಿ ಒರೆಸಿದಳು. ಬೂಟನ್ನೂ ಒರೆಸಿದಳು.

ಸಂಜೆ ಗೇಟಿನ ಹೊರಗೆ ಅವನನ್ನು ಹಿಡಿದೆ. "ಬೀಗದ ಕೈ ಇತ್ತು ನಿನ್ನ ಸೊಂಟದಲ್ಲಿ. ಬೀಗ ಹತ್ತು ಹೆಜ್ಜೆ ದೂರ ಇತ್ತು."

"ನಂಗೇನು ಖುಷಿಯಾಯ್ತಾ? ಅವರು ಎದುರಿಗೇ ಇದ್ರು. ನಾನೇನು ಮಾಡ್ಲಿ ಹೇಳು?"

"ತೆಗೀಬೇಕಿತ್ತು."

"ತೆಗೆದಿದ್ರೆ ನಾಳೆ ನಾನೂ ಇಲ್ಲ, ಮನೇನೂ ಇಲ್ಲ, ಮದುವೇನೂ ಇಲ್ಲ. ಲೋಕಾನೆಲ್ಲ ನೀನೇ ಹೊತ್ಕೋಬೇಕಾ? ನಿನ್ನ ನಾನು ಯಾವತ್ತಾದ್ರೂ ಕಾಯಿಸಿದೀನಾ?"

ಅದು ನಿಜ. ನನ್ನನ್ನು ಅವನು ಯಾವತ್ತೂ ಕಾಯಿಸಿರಲಿಲ್ಲ. "ಥೂ ನಿನ್ನ," ಎಂದು ಬಸ್ ಹತ್ತಿದೆ.

ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ದಿನ ಊಟದ ಹೊತ್ತಿನಲ್ಲಿ ಅವನು ಒಣಗುವ ಶೀಟುಗಳ ಸಾಲಿನ ಮಧ್ಯೆ ನನ್ನನ್ನು ತಡೆದು ಒಂದು ಕಾಗದದ ಪೊಟ್ಟಣ ಕೈಗಿಟ್ಟ. ಉಂಗುರವಿರಬಹುದು ಎಂದುಕೊಂಡೆ, ಸುಳ್ಳೇಕೆ ಹೇಳಲಿ? ಬಿಚ್ಚಿದರೆ ಹೊಸ ಹಿತ್ತಾಳೆಯ ಬೀಗದ ಕೈ.

"ಅಚ್ಚು ತೆಗೆಸಿ ಮಾಡಿಸ್ದೆ. ಇನ್ಮೇಲೆ ನೀನು ಯಾರನ್ನೂ ಕೇಳಬೇಕಾಗಿಲ್ಲ, ನನ್ನನ್ನೂ ಕೇಳಬೇಕಾಗಿಲ್ಲ," ಎಂದ. ಸಿಕ್ಕಿಬಿದ್ದರೆ ತನ್ನ ಗತಿಯೇನೆಂದು ಅವನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಒಂದು ಗೆರೆ ದಾಟದವನು ನನಗಾಗಿ ಇಷ್ಟು ದಾಟಿದ್ದ. "ನಿಂಗೆ ಮಾತ್ರ ಕಣೇ. ಯಾರಿಗೂ ಹೇಳ್ಬೇಡ."

ಹೆಂಗಸಿಗೆ ಯಾರಾದರೂ ಇಂಥ ಉಡುಗೊರೆ ಕೊಟ್ಟದ್ದುಂಟೇ? ನಗು ಬಂತು, ಅಳುವೂ ಬಂತು. ಶೀಟಿನ ಮರೆಯಲ್ಲಿ ಅವನಿಗೆ ಮುತ್ತು ಕೊಟ್ಟೆ. ಅವನಿಗೆ ಮುತ್ತು ಕೊಡುತ್ತಿರುವಾಗಲೇ ಇನ್ನು ಎಷ್ಟು ಬೀಗದ ಕೈ ಬೇಕೆಂದು ಎಣಿಸುತ್ತಿದ್ದೆ.

ಬಸ್ ನಿಲ್ದಾಣದ ಹತ್ತಿರ ಕೊಡೆ, ಬೀಗ ರಿಪೇರಿ ಮಾಡುವ ತಾತನೊಬ್ಬನಿದ್ದಾನೆ. "ಇಪ್ಪತ್ತೊಂದಾ? ಏನಮ್ಮಾ ಅದು, ಖಜಾನೇನಾ?" ಎಂದ.

"ಅದಕ್ಕಿಂತ ದೊಡ್ಡದು ತಾತ."

ಆ ಒಂಬತ್ತು ದಿನಗಳ ಸುಖ ಏನು ಹೇಳಲಿ. ಒಬ್ಬಳು ಬೀಗದ ಕೈಯನ್ನು ತುರುಬಿನಲ್ಲಿ ಸಿಕ್ಕಿಸಿಕೊಂಡಳು, ಒಬ್ಬಳು ಊಟದ ಡಬ್ಬಿಯ ತಳದಲ್ಲಿಟ್ಟಳು, ಒಬ್ಬಳು ಕಾಲುಚೀಲದೊಳಗೆ. ಕಕ್ಕಸು ಇದ್ದದ್ದು ಒಣಹಾಕುವ ಸಾಲುಗಳ ಹಿಂದೆ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಮುಂದೆ ಶೀಟು ಜಾಡಿಸುತ್ತಾ ಮರೆಯಾಗಿ ನಿಲ್ಲುತ್ತಿದ್ದಳು. ಎಲ್ಲರೂ ನೀರು ಕುಡಿದದ್ದೇ ಕುಡಿದದ್ದು. ತಲೆನೋವು ಹೋಯಿತು, ಉರಿ ಹೋಯಿತು, ಕೆಲಸ ಇನ್ನೂ ಬಿರುಸಾಯಿತು. ಕೆಲಸ ಹೆಚ್ಚಾಗಿದ್ದು ಬೀಗದಿಂದಲೇ ಎಂದು ಯಜಮಾನ ಹಿಗ್ಗಿಹೋದ.

ಮೂರನೆಯ ದಿನಕ್ಕೆ ಬೆಣ್ಣೆಗೆ ಅನುಮಾನ ಬಂತು. ಯಾರೂ ಅವನನ್ನು ಕೇಳುತ್ತಲೇ ಇರಲಿಲ್ಲ.

"ಎಷ್ಟು ಜನಕ್ಕೆ ಕೊಟ್ಟೆ?"

"ಎಲ್ಲಾರಿಗೂ."

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ನಿಂಗೆ ಮಾತ್ರ ಅಂದಿದ್ದೆ."

"ನಂಗೆ ಮಾತ್ರ ಆದ್ರೆ ಅದು ನಂಗೆ ಬೇಡ."

ಹೊರಟುಹೋದ. ಈಗ ಎಲ್ಲ ಬಿಗಿ ಮಾಡುತ್ತಾನೆ ಎಂದುಕೊಂಡೆ. ಆದರೆ ಮಧ್ಯಾಹ್ನ ಯಜಮಾನ ಆ ಕಡೆ ಬರುತ್ತಿರುವಾಗ ಬೆಣ್ಣೆ ಕ್ಷಯದವನಂತೆ ಕೆಮ್ಮತೊಡಗಿದ. ನಮಗೆಲ್ಲ ಅರ್ಥವಾಯಿತು. ಅವತ್ತಿನಿಂದ ಯಜಮಾನ ಕಾಣಿಸಿದಾಗಲೆಲ್ಲ ಕೆಮ್ಮಿದ. "ಈ ನನ್ಮಗನಿಗೆ ಮದ್ದು ಕೊಡಿಸ್ರೋ," ಎಂದು ಯಜಮಾನನೇ ಬೈದ. ಹೆಂಗಸರು ಸಾಯುವಷ್ಟು ನಕ್ಕರು. ನಾನೋ, ಅವನ ಮೇಲಿನ ಪ್ರೀತಿಗೆ ಉಬ್ಬಿಹೋಗಿದ್ದೆ. ಇವನು ಬದಲಾಗುತ್ತಾನೆ, ನಾನು ಬದಲಾಯಿಸುತ್ತೇನೆ ಎಂದುಕೊಂಡೆ. ಬರುವ ತಿಂಗಳೇ ಮದುವೆ ಆಗೋಣ ಎಂದು ನಾನೇ ಬಾಯಿಬಿಟ್ಟು ಹೇಳಿದೆ.

ಶನಿವಾರ ಕೊನೆಯ ಡ್ರಮ್ಮಿನಲ್ಲಿ ನಮ್ಮ ನಮ್ಮ ಏಪ್ರನ್‌ಗಳನ್ನು ಒಗೆದುಕೊಳ್ಳಲು ಬಿಡುತ್ತಾರೆ. ಹೋಟೆಲಿನವರ ಜೇಬನ್ನೆಲ್ಲ ತಡಕುವ ದೊಡ್ಡಮ್ಮ ತನ್ನ ಜೇಬು ತಡಕಲಿಲ್ಲ. ನಾವು ಯಾರೂ ತಡಕುವವರಲ್ಲ. ನಮ್ಮ ಜೇಬಿನಲ್ಲಿ ಏನಾದರೂ ಇರುತ್ತದೆ ಎಂಬ ಅಭ್ಯಾಸವೇ ನಮಗೆ ಇರಲಿಲ್ಲ. ಡ್ರಮ್ಮು ತಿರುಗಿತು. ಟಣ್, ಟಣ್, ಟಣ್.

ಯಜಮಾನ ಅಲ್ಲೇ ಇದ್ದ. "ಯಾರದ್ರೇ ಅದು? ಮಿಷನ್ನು ಹಾಳಾಗ್ತದೆ, ನಿಲ್ಸೋ," ಎಂದ. ನಿಲ್ಲಿಸಿದರು. ನೊರೆಯೊಳಗೆ ಕೈ ಹಾಕಿ ಒಂದು ಏಪ್ರನ್ನಿನ ಜೇಬಿನಿಂದ ಹಿತ್ತಾಳೆಯ ಬೀಗದ ಕೈಯನ್ನು ತೆಗೆದ. ತಿರುಗಿಸಿ ನೋಡಿದ. ನೇರ ಕಕ್ಕಸಿನ ಬಾಗಿಲಿಗೆ ಹೋಗಿ ಬೀಗಕ್ಕೆ ಹಾಕಿದ. ಬೀಗ ಬಾಯಿ ಬಿಟ್ಟಿತು.

ಏಪ್ರನ್ನಿನ ನಂಬರು ದೊಡ್ಡಮ್ಮನದು. "ಯಾರು ಕೊಟ್ರೇ ಮುದುಕಿ?" ದೊಡ್ಡಮ್ಮ ಬಾಯಿಗೆ ಹೊಲಿಗೆ ಹಾಕಿಕೊಂಡವಳಂತೆ ನಿಂತಳು. ಆಗ ಯಜಮಾನ ಮೇಸ್ತ್ರಿಯ ಕೊರಳಪಟ್ಟಿ ಹಿಡಿದ.

"ಬೀಗದ ಕೈ ಇದ್ದದ್ದು ನಿನ್ನೊಬ್ಬನ ಹತ್ರ. ನನ್ನ ಉಪ್ಪು ತಿಂದು ಈ ಲೌಡಿಯರಿಗೆ ಹಂಚಿದೀಯೇನೋ ಬೋಳಿಮಗನೆ? ಹೇಳು, ಇಲ್ಲಾಂದ್ರೆ ಈಗಿಂದೀಗಲೇ ಹೊರಗೆ ಬೀಳ್ತೀಯ. ಮನೇನೂ ಇಲ್ಲ, ಮಣ್ಣೂ ಇಲ್ಲ."

ನಾನು ಏನು ಮಾಡಬೇಕೆಂದು ನನಗೆ ಅಷ್ಟರಲ್ಲೇ ಗೊತ್ತಾಗಿತ್ತು. ಅವನಿಗೆ ತಿಳಿಯದ ಹಾಗೆ ಅವನ ಸೊಂಟದಿಂದ ನಾನೇ ಕದ್ದು ಅಚ್ಚು ತೆಗೆಸಿದೆ ಎಂದು ಹೇಳಬೇಕು. ಅವನ ಕೆಲಸ ಉಳಿಯುತ್ತದೆ, ನನ್ನದು ಹೋಗುತ್ತದೆ, ಹೋದರೆ ಹೋಗಲಿ. ಒಂದು ಹೆಜ್ಜೆ ಮುಂದಿಟ್ಟೆ, ಬಾಯಿ ತೆರೆದೆ.

"ಇವಳೇ ಯಜಮಾನ್ರೇ," ಎಂದ ಅವನು. "ನಂಗೆ ಗೊತ್ತಿಲ್ದಂಗೆ ನನ್ನ ಸೊಂಟದಿಂದ ಕದ್ದು ಅಚ್ಚು ತೆಗೆಸಿರಬೇಕು."

ನಾನು ಹೇಳಬೇಕೆಂದಿದ್ದ ಸುಳ್ಳನ್ನೇ ಅವನು ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ನನ್ನ ಬಾಯಿ ತೆರೆದದ್ದು ಹಾಗೆಯೇ ಇತ್ತು.

"ಹೌದು," ಎಂದೆ. ಬೇರೆ ಏನು ಹೇಳುವುದು? "ನಾನೇ ಕದ್ದೆ. ಉಚ್ಚೆ ಹುಯ್ಯೋಕೆ ಕದ್ದೆ. ಪೋಲೀಸರಿಗೆ ಕೊಡ್ತೀರಾ? ಕೊಡಿ. ಏನು ಕದ್ದಳು ಅಂತ ಅವರು ಕೇಳಿದ್ರೆ ನೀವೇ ಬಾಯಿಬಿಟ್ಟು ಹೇಳಿ."

"ನಡಿಯೇ ಆಚೆ."

ನಾನು ನನ್ನ ಊಟದ ಡಬ್ಬಿ ಕೈಗೆತ್ತಿಕೊಂಡೆ. ಆಗ ದೊಡ್ಡಮ್ಮ ಬಾಯಿ ಬಿಟ್ಟಳು. "ನಾನೂ ಕದ್ದಿದೀನಿ. ನನ್ನೂ ಕಳ್ಸಿ." ಅವಳ ಪಕ್ಕದವಳು ತುರುಬಿಗೆ ಕೈ ಹಾಕಿ ಬೀಗದ ಕೈ ತೆಗೆದು ಇಸ್ತ್ರಿ ಮೇಜಿನ ಮೇಲೆ ಇಟ್ಟಳು. ಡಬ್ಬಿ ತೆರೆದವು, ಕಾಲುಚೀಲ ಇಳಿದವು, ಒಬ್ಬಳು ಎಲ್ಲರಿಗೂ ಬೆನ್ನು ತಿರುಗಿಸಿ ಎಲ್ಲಿಂದಲೋ ತೆಗೆದಳು. ಮೇಜಿನ ಮೇಲೆ ಹಿತ್ತಾಳೆ ರಾಶಿಯಾಯಿತು. ಕೊನೆಯವಳು ಬರಿಗೈಯಲ್ಲಿ ಬಂದು, "ನಂದು ಬಸ್ಸಲ್ಲಿ ಕಳೆದೋಯ್ತು ಯಜಮಾನ್ರೇ, ಆದ್ರೂ ನನ್ನ ಬಿಡಬೇಡಿ," ಎಂದಳು. ಯಾರೋ ಫಕ್ಕನೆ ನಕ್ಕರು. ನಗು ಒಬ್ಬಳಿಂದ ಇನ್ನೊಬ್ಬಳಿಗೆ ಹತ್ತಿತು, ದೊಡ್ಡಮ್ಮನಂತೂ ಮೇಜು ಹಿಡಿದು ನಗುತ್ತಿದ್ದಳು.

ಹೊರಗೆ ದೊಡ್ಡ ಹೋಟೆಲಿನ ವ್ಯಾನು ಹಾರನ್ ಹೊಡೆಯುತ್ತಿತ್ತು. ಒಳಗೆ ಮಡಿಸದ ಶೀಟುಗಳ ಗುಡ್ಡೆ. ಯಜಮಾನ ಗುಡ್ಡೆ ನೋಡಿದ, ನಮ್ಮನ್ನು ನೋಡಿದ, ಮತ್ತೆ ಹಾರನ್ ಕೇಳಿದ.

"ಹಾಳಾಗೋಗ್ರಿ. ಎಲ್ಲಾರೂ ಅಲ್ಲೇ ಹೋಗಿ ಸಾಯ್ರಿ," ಎಂದ. ಬೀಗವನ್ನು ಕಿತ್ತು ಗೋಡೆಗೆ ಎಸೆದು ಆಫೀಸಿಗೆ ಹೋದ. ಕೆಲಸ ಯಾರದೂ ಹೋಗಲಿಲ್ಲ. ಅವತ್ತು ನಾವು ಶೀಟು ಜಾಡಿಸಿದ ಸದ್ದು ಬೀದಿಗೆ ಕೇಳುತ್ತಿತ್ತು.

ಬೆಣ್ಣೆಗೆ ಮನೆಯೂ ಸಿಕ್ಕಿತು. ಕಳ್ಳಿಯನ್ನು ತೋರಿಸಿಕೊಟ್ಟ ನಂಬಿಗಸ್ತನಲ್ಲವೇ. ಮುಂದಿನ ವಾರ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಗೋಡೆಗೆ ತಾನೇ ಸುಣ್ಣ ಹೊಡೆದಿದ್ದ. ನಲ್ಲಿ ತಿರುಗಿಸಿದ, ನೀರು ಬಂತು. ನಾನು ಅಂಗೈ ಒಡ್ಡಿದೆ, ತಣ್ಣಗಿತ್ತು. ಅವ್ವನನ್ನು ಆ ಕಿಟಕಿಯ ಹತ್ತಿರ ಮಲಗಿಸಬಹುದಿತ್ತು.

"ಇನ್ನೂ ಕೋಪಾನಾ?" ಎಂದ. "ನಾನು ಯೋಚಿಸಿದ್ದು ನಮ್ಮಿಬ್ಬರಿಗೇ ಕಣೇ. ನಾನು ಹೇಳದೇ ಇದ್ರೂ ನೀನೇ ಹೇಳ್ತಿದ್ದೆ. ಹೌದಾ ಅಲ್ವಾ?"

"ಹೌದು. ಹೇಳ್ತಿದ್ದೆ."

"ಮತ್ತೆ?"

"ನಾನು ಹೇಳೋ ತನಕ ನೀನು ತಡೀಬೇಕಿತ್ತು."

ಅರ್ಥವಾಗಲಿಲ್ಲ ಅವನಿಗೆ. ನಿಜವಾಗಿಯೂ ಅರ್ಥವಾಗಲಿಲ್ಲ, ನಾಟಕವಾಗಿದ್ದರೆ ಎರಡೇಟು ಬಿಟ್ಟು ಬುದ್ಧಿ ಹೇಳಿ ಮದುವೆಯಾಗುತ್ತಿದ್ದೆ. "ಎರಡೂ ಒಂದೇ ಅಲ್ವಾ?" ಎಂದ.

"ಒಂದೇ ಅಂತ ನಿಂಗೆ ಅನ್ನಿಸುತ್ತಲ್ಲ, ಅದಕ್ಕೇ ನಂಗಾಗಲ್ಲ." ನಲ್ಲಿಯನ್ನು ನಾನೇ ಬಿಗಿಯಾಗಿ ತಿರುಗಿಸಿದೆ. "ನಿನ್ನ ಕಂಡ್ರೆ ನಂಗೆ ಪ್ರಾಣ ಬೆಣ್ಣೆ. ಆದ್ರೆ ಈ ಮನೇಲಿ ನಾನು ಒಬ್ಬಳೇ ಸುಖವಾಗಿರಬೇಕು, ಅಷ್ಟೇ ತಾನೇ ನಿಂಗೆ ಬೇಕಿರೋದು. ನಂಗೆ ಹಾಗಿರೋಕೆ ಬರಲ್ಲ."

"ನಿಂಗೆ ಕೊಬ್ಬು," ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಬೈಗುಳ ಅದು. ಹೇಳಿದವನೇ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಬೆನ್ನಿಗೆಲ್ಲ ಸುಣ್ಣ ಹತ್ತಿತ್ತು. ಒರೆಸಿಬಿಡೋಣವೆಂದು ಕೈ ಎತ್ತಿದೆ, ಒರೆಸಿದರೆ ಇನ್ನು ಆ ಮನೆ ಬಿಟ್ಟು ಬರಲಾರೆನೆಂದು ಗೊತ್ತಾಗಿ ಕೈ ಇಳಿಸಿ ಬಂದುಬಿಟ್ಟೆ. ಅವ್ವ ಎರಡು ದಿನ ಹಿಡಿಶಾಪ ಹಾಕಿದಳು. ನಲ್ಲಿಯ ಹೆಸರು ಹೇಳಿ ಹೇಳಿ ಹಾಕಿದಳು.

ಮೂರನೆಯ ದಿನ ಹನ್ನೊಂದು ಗಂಟೆಗೆ ಕೈಲಿದ್ದ ಶೀಟು ಕೆಳಗಿಟ್ಟು ಹೊರಟೆ. ಮೇಸ್ತ್ರಿ ದಾರಿಯಲ್ಲಿ ನಿಂತಿದ್ದ, ಪಕ್ಕಕ್ಕೆ ಸರಿದ. ಅವನ ಕಣ್ಣು ಕೆಂಪಾಗಿದ್ದವು. ಕಕ್ಕಸಿನ ಒಳಗಿನ ಚಿಲಕವನ್ನು ಯಜಮಾನ ಯಾವ ಕಾಲದಲ್ಲೋ ಕೀಳಿಸಿದ್ದ. ಹೊಸದನ್ನು ನಾವೇ ತಂದು ಹೊಡೆದಿದ್ದೆವು. ಚಿಲಕ ಹಾಕಿಕೊಂಡು ಕೂತೆ. ನಾನು ಬಂದದ್ದು ಅದಕ್ಕಲ್ಲ. ಬಾಯಿಗೆ ಏಪ್ರನ್ ತುರುಕಿಕೊಂಡು ಅತ್ತೆ. ಅವನ ಉದ್ದನೆಯ ಕೈ, ಆ ಕೆಮ್ಮು, ಎಲ್ಲ ನೆನೆಸಿಕೊಂಡು ಅತ್ತೆ.

ಬಾಗಿಲು ಬಡಿದ ಸದ್ದಾಯಿತು. "ಯಾರೇ ಒಳಗೆ?" ದೊಡ್ಡಮ್ಮನ ದನಿ.

"ನಾನು."

"ಉಚ್ಚೆನೋ, ಅಳುನೋ?"

"ಅಳು ದೊಡ್ಡಮ್ಮ."

ಆಚೆ ಕಾಲು ಬದಲಿಸುತ್ತಾ ನಿಂತಿದ್ದಾಳೆಂದು ಗೊತ್ತಾಗುತ್ತಿತ್ತು. "ಅಳು ಮಗಾ, ಅಳು," ಎಂದಳು. "ನಂಗೂ ಅವಸರಾನೇ. ಆದ್ರೂ ತಡ್ಕೋತೀನಿ. ನೀನು ಅಳು."

ನನಗೆ ಆ ಅಳುವಿನಲ್ಲೇ ನಗು ಬಂದುಬಿಟ್ಟಿತು. ಎದ್ದು ಚಿಲಕ ತೆಗೆದೆ.

"ನೀನು ಮಾತ್ರ ತಡ್ಕೋಬೇಡ, ಬಾ," ಎಂದೆ. ಅವಳನ್ನು ಒಳಗೆ ಬಿಟ್ಟು, ಹೊರಗೆ ಎಲ್ಲರ ಎದುರಿಗೆ ನಿಂತು ಉಳಿದದ್ದನ್ನು ಅತ್ತೆ.